ಬೆರಗಿಲ್ಲದ ಅದ್ಭುತ: ಸಾಮಾನ್ಯರನ್ನು ಕುರಿತ ಎರಡು ಅತಿವಾಸ್ತವ ಚಲನಚಿತ್ರಗಳು ಮತ್ತು ಜನಪದ ಕಥನದ ನೆಲೆ

1. ಪ್ರವೇಶ

ಭಾರತೀಯ ಚಲನಚಿತ್ರದ ಇತಿಹಾಸವನ್ನು ಜನಪ್ರಿಯ ಮತ್ತು ಸಮಾನಾಂತರ ಎಂಬ ಎರಡು ಧಾರೆಗಳಾಗಿ ವಿಂಗಡಿಸಿ ಬರೆಯುವುದು ವಾಡಿಕೆಯಾಗಿದೆ. 1960ರಲ್ಲಿ ಸ್ಥಾಪನೆಗೊಂಡ ಚಲನಚಿತ್ರ ಹಣಕಾಸು ನಿಗಮ, 1975ರಲ್ಲಿ ಸ್ಥಾಪನೆಗೊಂಡ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ, ಪುಣೆಯ ಚಲನಚಿತ್ರ ಸಂಸ್ಥೆ ಹಾಗೂ ಊರೂರಿನ ಚಿತ್ರಸಮಾಜಗಳ ಬೆಂಬಲದಿಂದ ಬೆಳೆದ ಎರಡನೆಯ ಧಾರೆಯು ಬಹುಮಟ್ಟಿಗೆ ವಾಸ್ತವವಾದವನ್ನೇ ತನ್ನ ಮಾನದಂಡವಾಗಿ ಸ್ವೀಕರಿಸಿತು. ಸಾಮಾನ್ಯ ಮನುಷ್ಯನ ಬದುಕನ್ನು ಪ್ರಾಮಾಣಿಕವಾಗಿ ಚಿತ್ರಿಸುವುದೆಂದರೆ ಅವನ ಹೊಲ, ಮನೆ, ಸಾಲ, ಜಾತಿಗಳನ್ನು ಕಂಡಂತೆ ತೋರಿಸುವುದು ಎಂಬ ನಂಬಿಕೆ ಆ ಕಾಲದ ವಿಮರ್ಶೆಯಲ್ಲಿ ಬೇರೂರಿತ್ತು.

ಈ ಎರಡೂ ಧಾರೆಗಳಿಗೆ ಸಲ್ಲದ ಕೆಲವು ಚಿತ್ರಗಳಿವೆ. ಇವುಗಳಲ್ಲಿ ಬರುವವರು ಸಾಮಾನ್ಯರೇ: ಕಾಲೇಜಿನ ಅಧ್ಯಾಪಕ, ಮೂಗಿಯಾದ ಮನೆಗೆಲಸದ ಹುಡುಗಿ, ಕೆಲಸ ಬಿಟ್ಟು ಜ್ಯೋತಿಷ್ಯಕ್ಕೆ ಇಳಿದ ಗುಮಾಸ್ತ, ಶಾಲೆಗೆ ಹೋಗುವ ಬಾಲಕ. ಆದರೆ ಇವರಿಗೆ ಸಂಭವಿಸುವುದು ಸಾಮಾನ್ಯವಲ್ಲ. ಇಂತಹ ಚಿತ್ರಗಳು ಹೆಚ್ಚಾಗಿ ಚಿತ್ರಮಂದಿರಗಳನ್ನು ತಲುಪಲಿಲ್ಲ. ತಲುಪಿದಾಗಲೂ ಅರ್ಥವಾಗದ ಚಿತ್ರಗಳೆಂಬ ಹೆಸರು ಪಡೆದವು. ಹೀಗಿದ್ದೂ ಸಣ್ಣದೊಂದು ಪ್ರೇಕ್ಷಕವರ್ಗ ಇವುಗಳನ್ನು ದಶಕಗಳ ಕಾಲ ಮತ್ತೆ ಮತ್ತೆ ನೋಡುತ್ತ, ಇತರರಿಗೆ ತೋರಿಸುತ್ತ, ಇವುಗಳ ಕಥೆಯನ್ನು ಹೇಳುತ್ತ ಬಂದಿದೆ. ಈ ಆಕರ್ಷಣೆಯ ಮೂಲವನ್ನು ಜಾನಪದ ಅಧ್ಯಯನದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಾನ್ ಅಬ್ರಹಾಂ ಅವರ ತಮಿಳು ಚಿತ್ರ ‘ಅಗ್ರಹಾರತ್ತಿಲ್ ಕಳುದೈ’ (1977) ಮತ್ತು ಕಮಲ್ ಸ್ವರೂಪ್ ಅವರ ಹಿಂದಿ ಚಿತ್ರ ‘ಓಂ ದರ್-ಬ-ದರ್’ (1988) ಇಲ್ಲಿನ ಮುಖ್ಯ ಆಕರಗಳು.

ಇಂತಹ ಚಿತ್ರಗಳನ್ನು ‘ಕಲ್ಟ್’ ಚಿತ್ರಗಳೆಂದು ಕರೆಯುವುದುಂಟು. ಈ ಹೆಸರು ರೂಢಿಗೆ ಬಂದದ್ದು ಅಮೆರಿಕದಲ್ಲಿ. 1970ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಎಲ್ಜಿನ್ ಚಿತ್ರಮಂದಿರವು ಅಲೆಹಾಂದ್ರೊ ಹೊದೊರೊವ್‌ಸ್ಕಿ ಅವರ ‘ಎಲ್ ತೋಪೊ’ ಚಿತ್ರವನ್ನು ನಡುರಾತ್ರಿಯ ಪ್ರದರ್ಶನವಾಗಿ ತೋರಿಸತೊಡಗಿತು. ಮುದ್ರಣಾಲಯದ ನೌಕರನೊಬ್ಬನ ದುಃಸ್ವಪ್ನದಂತಿರುವ ಡೇವಿಡ್ ಲಿಂಚ್ ಅವರ ‘ಇರೇಸರ್‌ಹೆಡ್’ (1977) ಕೂಡ ಇಂತಹ ಪ್ರದರ್ಶನಗಳಿಂದಲೇ ತನ್ನ ಪ್ರೇಕ್ಷಕರನ್ನು ಕಂಡುಕೊಂಡಿತು. 1981ರಲ್ಲಿ ಡ್ಯಾನಿ ಪಿಯರಿ ಇದೇ ಹೆಸರಿನ ಗ್ರಂಥವನ್ನು ಪ್ರಕಟಿಸಿದ ಮೇಲೆ ಪದವು ನೆಲೆಗೊಂಡಿತು. ಆರಾಧನೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಬಂದ ಈ ಪದವು ಚಿತ್ರದ ಗುಣಕ್ಕಿಂತ ಹೆಚ್ಚಾಗಿ ಅದನ್ನು ಸುತ್ತುವರಿದ ಜನರನ್ನು ಸೂಚಿಸುತ್ತದೆ ಎಂಬುದು ಗಮನಾರ್ಹ. ಕೃತಿಯೊಂದರ ಸುತ್ತ ಒಂದು ಗುಂಪು ರೂಪುಗೊಳ್ಳುವ ಬಗೆಯು ಜಾನಪದ ವಿದ್ವಾಂಸರಿಗೆ ಅಪರಿಚಿತವಾದ ವಿಷಯವಲ್ಲ.

2. ಕೊಲೆಯಾದ ಕತ್ತೆ ಮತ್ತು ದೈವೀಕರಣದ ಆಶಯ

ಕುಟ್ಟನಾಡಿನ ಮೂಲದ ಜಾನ್ ಅಬ್ರಹಾಂ (1937–1987) ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಋತ್ವಿಕ್ ಘಟಕ್ ಅವರ ಶಿಷ್ಯರಾಗಿದ್ದವರು. ಅಲ್ಲಿಗೆ ಸೇರುವ ಮುನ್ನ ಅವರು ಬಳ್ಳಾರಿಯಲ್ಲಿ ಜೀವವಿಮಾ ನಿಗಮದ ನೌಕರರಾಗಿದ್ದರು. ಅವರು ನಿರ್ದೇಶಿಸಿದ ಕಥಾಚಿತ್ರಗಳು ನಾಲ್ಕು ಮಾತ್ರ. ಎರಡನೆಯದಾದ ‘ಅಗ್ರಹಾರತ್ತಿಲ್ ಕಳುದೈ’ಗೆ ತಮಿಳು ವಿಮರ್ಶಕ ವೆಂಕಟ್ ಸ್ವಾಮಿನಾಥನ್ ಚಿತ್ರಕಥೆ ಬರೆದರು. ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಮುಖ್ಯ ಪಾತ್ರವನ್ನು ನಿರ್ವಹಿಸಿದರು.

ಚಿತ್ರದ ಕಥೆ ಸರಳವಾಗಿದೆ. ಗುಂಪೊಂದು ತಾಯಿಕತ್ತೆಯನ್ನು ಹೊಡೆದು ಕೊಂದ ಮೇಲೆ ಅನಾಥವಾದ ಮರಿಯನ್ನು ಪ್ರೊಫೆಸರ್ ನಾರಾಯಣಸ್ವಾಮಿ ಸಾಕಿಕೊಳ್ಳುತ್ತಾನೆ. ಕಾಲೇಜಿನಲ್ಲಿ ನಗೆಪಾಟಲಾದಾಗ ಅದನ್ನು ತನ್ನ ಹುಟ್ಟೂರಿನ ಅಗ್ರಹಾರಕ್ಕೆ ಒಯ್ದು, ಮೂಗಿಯಾದ ಉಮಾಳ ಆರೈಕೆಗೆ ಒಪ್ಪಿಸುತ್ತಾನೆ. ಅಗ್ರಹಾರದ ವಿಧಿಗಳಿಗೆ ಹುಡುಗರ ತುಂಟತನದಿಂದ ಉಂಟಾಗುವ ಅಡ್ಡಿಗಳೆಲ್ಲ ಕತ್ತೆಯ ಮೇಲೆ ಬರುತ್ತವೆ. ಮೋಸಕ್ಕೊಳಗಾದ ಉಮಾಳಿಗೆ ಹುಟ್ಟಿದ ಸತ್ತ ಶಿಶುವು ಗುಡಿಯ ಮುಂದೆ ಕಾಣಿಸಿಕೊಂಡಾಗ ಆ ಅಪವಿತ್ರತೆಗೂ ಕತ್ತೆಯೇ ಕಾರಣವೆಂದು ನಿರ್ಧಾರವಾಗಿ, ಅದನ್ನು ಕೊಲ್ಲಿಸಲಾಗುತ್ತದೆ. ಕೊಂದ ಮೇಲೆ ಅಗ್ರಹಾರದವರಿಗೆ ಒಂದರ ಹಿಂದೊಂದು ಪವಾಡಗಳು ಕಾಣತೊಡಗುತ್ತವೆ. ಸತ್ತ ಕತ್ತೆಗೆ ಗುಡಿ ಕಟ್ಟುವ ಮಾತು ಹುಟ್ಟುತ್ತದೆ. ಕೊನೆಯಲ್ಲಿ ಕತ್ತೆಯ ತಲೆಬುರುಡೆಯನ್ನು ಹಿಡಿದು ಕೂಲಿಕಾರರು ಕುಣಿಯುತ್ತಾರೆ. ಬೆಂಕಿ ಹೊತ್ತಿ ಅಗ್ರಹಾರವೇ ಉರಿದುಹೋಗುತ್ತದೆ. ನಾರಾಯಣಸ್ವಾಮಿ ಮತ್ತು ಉಮಾ ಮಾತ್ರ ಉಳಿಯುತ್ತಾರೆ.

ಫ್ರಾನ್ಸಿನ ರೋಬೆರ್ ಬ್ರೆಸೋನ್ ಅವರು ಕತ್ತೆಯೊಂದರ ಬದುಕನ್ನು ಕುರಿತು 1966ರಲ್ಲಿ ತೆಗೆದ ಚಿತ್ರದ ಪ್ರೇರಣೆಯನ್ನು ವಿಮರ್ಶಕರು ಇಲ್ಲಿ ಗುರುತಿಸಿದ್ದಾರೆ. ಆದರೆ ಕತ್ತೆಯ ಸಾವಿನ ಅನಂತರದ ಕಥಾಭಾಗಕ್ಕೆ ಆಕರವನ್ನು ಫ್ರಾನ್ಸಿನಲ್ಲಿ ಹುಡುಕಬೇಕಾಗಿಲ್ಲ. ಅನ್ಯಾಯವಾಗಿ ಕೊಲೆಯಾದವರು ದೈವವಾಗುವುದು ದಕ್ಷಿಣ ಭಾರತದ ಜನಪದ ಧರ್ಮದ ಮುಖ್ಯ ಆಶಯಗಳಲ್ಲಿ ಒಂದು. ತಮಿಳುನಾಡಿನ ವಿಲ್ಲುಪ್ಪಾಟ್ಟು ಪರಂಪರೆಯನ್ನು ಅಧ್ಯಯನ ಮಾಡಿದ ಸ್ಟುವರ್ಟ್ ಬ್ಲ್ಯಾಕ್‌ಬರ್ನ್ 1985ರ ಪ್ರಬಂಧವೊಂದರಲ್ಲಿ ಹಿಂಸಾತ್ಮಕ ಮರಣ ಮತ್ತು ದೈವೀಕರಣದ ನಡುವಣ ಈ ಸಂಬಂಧವನ್ನು ವಿವರವಾಗಿ ನಿರೂಪಿಸಿದ್ದಾರೆ. ತುಳುನಾಡಿನ ಪಾಡ್ದನಗಳಲ್ಲಿ ಅಂಗಹೀನನಾದ ಶಿಲ್ಪಿ ಕಲ್ಕುಡ ಮತ್ತು ಅವನ ತಂಗಿ ಕಲ್ಲುರ್ಟಿಯರು ದೈವಗಳಾಗಿ ಸೇಡು ತೀರಿಸಿಕೊಳ್ಳುವ ಕಥೆ ಇದೇ ಬಗೆಯದು. ಅನ್ಯಾಯಕ್ಕೆ ಬೆಂಕಿಯೇ ಉತ್ತರವಾಗುವುದನ್ನು ಮಧುರೆಯನ್ನು ಸುಟ್ಟ ಕಣ್ಣಗಿಯ ಕಥೆಯಲ್ಲಿ ತಮಿಳು ಪ್ರೇಕ್ಷಕರು ಮೊದಲೇ ಬಲ್ಲರು. ಕತ್ತೆಯೂ ಜನಪದ ನಂಬಿಕೆಯಲ್ಲಿ ಇಬ್ಬಗೆಯ ಪ್ರಾಣಿ. ಅಪರಾಧಿಯನ್ನು ಅದರ ಮೇಲೆ ಕೂರಿಸಿ ಮೆರೆಸುವುದು ಅವಮಾನವಾದರೆ, ಅದೇ ಕತ್ತೆ ಶೀತಲಾದೇವಿಯ ವಾಹನ. ಮಳೆ ಬಾರದಿದ್ದಾಗ ಕರ್ನಾಟಕದ ಹಳ್ಳಿಗಳಲ್ಲಿ ಕತ್ತೆಗಳಿಗೆ ಮದುವೆ ಮಾಡುತ್ತಾರೆ.

ಕನ್ನಡದ ಓದುಗರಿಗೆ ಇಲ್ಲಿ ‘ಸಂಸ್ಕಾರ’ (1970) ನೆನಪಾಗುವುದು ಸಹಜ. ಅಲ್ಲಿಯೂ ಒಂದು ಅಗ್ರಹಾರ, ಅದರ ನಡುವೆ ಏನು ಮಾಡಬೇಕೆಂದು ತೋಚದ ಒಂದು ಹೆಣ. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿದ ಪಟ್ಟಾಭಿರಾಮ ರೆಡ್ಡಿಯವರ ಆ ಚಿತ್ರವು ಆರಂಭದಲ್ಲಿ ಸೆನ್ಸಾರಿನ ನಿಷೇಧಕ್ಕೆ ಒಳಗಾಗಿ, ಅನಂತರ ರಾಷ್ಟ್ರಪತಿಯವರ ಸ್ವರ್ಣಪದಕ ಪಡೆಯಿತು. ಎರಡರ ವ್ಯತ್ಯಾಸ ಕಥನಕ್ರಮದಲ್ಲಿದೆ. ‘ಸಂಸ್ಕಾರ’ದ ಹೆಣವು ವಿದ್ವಾಂಸನೊಬ್ಬನ ಆತ್ಮಪರೀಕ್ಷೆಗೆ ದಾರಿಯಾಗುತ್ತದೆ, ಕಥೆ ನೈತಿಕ ಚರ್ಚೆಯಾಗಿ ಬೆಳೆಯುತ್ತದೆ. ಜಾನ್ ಅವರ ಚಿತ್ರದಲ್ಲಿ ಚರ್ಚೆಗೆ ಎಡೆಯಿಲ್ಲ. ವದಂತಿಯೊಂದು ಐತಿಹ್ಯವಾಗಿ, ಐತಿಹ್ಯವು ಆಚರಣೆಯಾಗಿ ಮಾರ್ಪಡುವ ಪ್ರಕ್ರಿಯೆಯನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಕೊಂದ ಕೈಗಳೇ ಗುಡಿ ಕಟ್ಟಲು ಮುಂದಾಗುವುದರಲ್ಲಿ ಚಿತ್ರದ ವ್ಯಂಗ್ಯವೂ ದುಃಖವೂ ಇವೆ.

ಈ ಚಿತ್ರಕ್ಕೆ ಅತ್ಯುತ್ತಮ ತಮಿಳು ಚಿತ್ರವೆಂಬ ರಾಷ್ಟ್ರಪ್ರಶಸ್ತಿ ದೊರೆಯಿತು. ಆದರೆ ತಮಿಳುನಾಡಿನಲ್ಲಿ ಅದು ಬಹುಕಾಲ ಕಾಣದ ಚಿತ್ರವಾಗಿಯೇ ಉಳಿಯಿತು. ಪ್ರಶಸ್ತಿ ಪಡೆದ ಪ್ರಾದೇಶಿಕ ಚಿತ್ರಗಳ ಮಾಲೆಯಲ್ಲಿ ದೂರದರ್ಶನವು ಅದನ್ನು ಪ್ರಸಾರ ಮಾಡಲು ಯೋಜಿಸಿ, ವಿರೋಧದ ಕಾರಣ ಕೈಬಿಟ್ಟಿತು.

3. ಪುಷ್ಕರದ ಬಾಲಕ

ಕಾಶ್ಮೀರದಲ್ಲಿ ಹುಟ್ಟಿ ಅಜ್ಮೀರಿನಲ್ಲಿ ಬೆಳೆದ ಕಮಲ್ ಸ್ವರೂಪ್ ಕೂಡ ಪುಣೆಯ ಸಂಸ್ಥೆಯ ವಿದ್ಯಾರ್ಥಿ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಹಣದಿಂದ ಅವರು ನಿರ್ಮಿಸಿದ ‘ಓಂ ದರ್-ಬ-ದರ್’ ಅಜ್ಮೀರ್ ಮತ್ತು ಪುಷ್ಕರಗಳ ಕೆಳಮಧ್ಯಮವರ್ಗದ ಕುಟುಂಬವೊಂದರ ಕಥೆ. ತಂದೆ ಸರ್ಕಾರಿ ಕೆಲಸ ಬಿಟ್ಟು ಜ್ಯೋತಿಷಿಯಾಗಿದ್ದಾನೆ. ಮಗಳು ಗಾಯತ್ರಿ ಸೈಕಲ್ ತುಳಿಯುತ್ತಾಳೆ, ಪ್ರೇಮಿಸುತ್ತಾಳೆ, ತನ್ನ ಬಯಕೆಗಳನ್ನು ಮುಚ್ಚಿಡುವುದಿಲ್ಲ. ಮಗ ಓಂನಿಗೆ ನೀರಿನಲ್ಲಿ ಬಹಳ ಹೊತ್ತು ಉಸಿರು ಹಿಡಿಯುವ ಶಕ್ತಿಯಿದೆ. ಕಪ್ಪೆಗಳ ಹೊಟ್ಟೆ ಸೇರಿದ ವಜ್ರಗಳು, ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ, ಜಾಹೀರಾತು, ಶಾಲೆಯ ವಿಜ್ಞಾನದ ಪಾಠ, ಪುರಾಣ ಇವೆಲ್ಲ ಒಂದೇ ಸಮತಲದಲ್ಲಿ ಬಂದುಹೋಗುತ್ತವೆ. ಜೀವಶಾಸ್ತ್ರದ ತರಗತಿಯಲ್ಲಿ ಕುಯ್ಯುವ ಕಪ್ಪೆಯ ಲ್ಯಾಟಿನ್ ಹೆಸರು ‘ರಾನಾ ಟೈಗ್ರಿನಾ’ ರಜತ್ ಧೋಲಕಿಯಾ ಅವರ ಸಂಗೀತದಲ್ಲಿ ಹಾಡಾಗುತ್ತದೆ.

ಸಂಕ್ಷಿಪ್ತವಾಗಿ ಹೇಳಿದಾಗ ಅಸಂಬದ್ಧವೆಂದು ತೋರುವ ಈ ವಿವರಗಳಿಗೆ ಸ್ಥಳದ ತರ್ಕವಿದೆ. ಪುಷ್ಕರವು ಬ್ರಹ್ಮನ ಕ್ಷೇತ್ರ. ಯಜ್ಞದ ಮುಹೂರ್ತಕ್ಕೆ ಸಾವಿತ್ರಿ ಬಾರದೆ ಹೋದಾಗ ಬ್ರಹ್ಮನು ಗಾಯತ್ರಿಯನ್ನು ವರಿಸಿದನೆಂದೂ, ಕುಪಿತಳಾದ ಸಾವಿತ್ರಿ ಅವನಿಗೆ ಬೇರೆಡೆ ಪೂಜೆಯಿಲ್ಲದಂತೆ ಶಪಿಸಿ ಬೆಟ್ಟವೇರಿ ಕುಳಿತಳೆಂದೂ ಅಲ್ಲಿನ ಸ್ಥಳಪುರಾಣ ಹೇಳುತ್ತದೆ. ಚಿತ್ರದ ಗಾಯತ್ರಿಯ ಹೆಸರು ಈ ಕಥೆಯ ನೆರಳಿನಲ್ಲಿದೆ. ಸರೋವರದ ದಡದಲ್ಲಿ ಬೆಳೆದ ಹುಡುಗನಿಗೆ ಉಸಿರು ಹಿಡಿಯುವುದು ಆಟವೂ ಹೌದು, ಯೋಗವೂ ಹೌದು, ಯಾತ್ರಿಕರ ಮುಂದೆ ಪ್ರದರ್ಶಿಸಬಹುದಾದ ಸರಕೂ ಹೌದು. ಪ್ರಾಣಿಯ ಹೊಟ್ಟೆಯಲ್ಲಿ ರತ್ನ ದೊರೆಯುವುದು, ಶಾಕುಂತಲೆಯ ಉಂಗುರದ ಪ್ರಸಂಗದಲ್ಲಿ ಕಾಣುವಂತೆ, ಅತಿ ಪ್ರಾಚೀನವಾದ ಆಶಯ. ಆದರೆ ಕಪ್ಪೆಯು ಆ ಕಾಲದ ಸಣ್ಣ ಪಟ್ಟಣದ ಶಾಲಾ ಪ್ರಯೋಗಾಲಯದ ಪ್ರಾಣಿಯೂ ಆಗಿತ್ತು. ಅದರ ಕಾಲುಗಳ ರಫ್ತನ್ನು ಭಾರತ ಸರ್ಕಾರ ನಿಷೇಧಿಸಿದ್ದು 1987ರಲ್ಲಿ. ಪ್ರಾಚೀನ ಆಶಯವೊಂದು ಪಠ್ಯಪುಸ್ತಕ ಮತ್ತು ಮಾರುಕಟ್ಟೆಗಳ ನಡುವೆ ಹೊಸ ರೂಪ ತಾಳಿರುವುದನ್ನು ಇಲ್ಲಿ ಕಾಣಬಹುದು. ಸಣ್ಣ ಊರಿನ ಬಾಲಕನೊಬ್ಬನ ತಲೆಯಲ್ಲಿ ಪುರಾಣ, ಪಾಠ, ರೇಡಿಯೋಗಳು ಬೇರೆ ಬೇರೆ ಕಪಾಟುಗಳಲ್ಲಿ ಇರುವುದಿಲ್ಲ. ಆ ಸ್ಥಿತಿಯನ್ನು ಚಿತ್ರವು ವಿಂಗಡಿಸದೆ ಇದ್ದಂತೆಯೇ ದಾಖಲಿಸಿದೆ.

4. ಬೆರಗಿನ ಅಭಾವ

ಸ್ವಿಟ್ಜರ್ಲೆಂಡಿನ ವಿದ್ವಾಂಸ ಮ್ಯಾಕ್ಸ್ ಲೂಥಿ 1947ರಲ್ಲಿ ಯುರೋಪಿನ ಜನಪದ ಕಥೆಗಳ ಸ್ವರೂಪವನ್ನು ಕುರಿತು ಬರೆದ ಗ್ರಂಥದಲ್ಲಿ ‘ಏಕ ಆಯಾಮ’ ಎಂಬ ಲಕ್ಷಣವನ್ನು ಗುರುತಿಸಿದರು. ಕಥೆಯ ನಾಯಕನು ಮಾತನಾಡುವ ಪ್ರಾಣಿಯನ್ನು ಕಂಡಾಗ ಬೆರಗಾಗುವುದಿಲ್ಲ. ಅದು ಹೇಳಿದ ದಾರಿಯಲ್ಲಿ ನಡೆಯುತ್ತಾನೆ. ಲೌಕಿಕ ಮತ್ತು ಅಲೌಕಿಕಗಳ ನಡುವೆ ಅಲ್ಲಿ ಗೋಡೆಯಿಲ್ಲ. ಐತಿಹ್ಯದ ಜಗತ್ತು ಇದಕ್ಕಿಂತ ಭಿನ್ನ. ಅಲ್ಲಿ ಪವಾಡವು ಭಯವನ್ನೂ ಬೆರಗನ್ನೂ ಹುಟ್ಟಿಸುತ್ತದೆ.

ಈ ಲಕ್ಷಣಕ್ಕೆ ಕನ್ನಡದ ಕಥೆಗಳಲ್ಲಿ ನಿದರ್ಶನಗಳು ಹೇರಳವಾಗಿವೆ. ಎ.ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿಗೆ ತಂದ, ಹೂಬಿಡುವ ಮರವಾಗುವ ಹುಡುಗಿಯ ಕಥೆಯನ್ನು ನೋಡಬಹುದು. ಬಡತಾಯಿಗೆ ನೆರವಾಗಲೆಂದು ಹುಡುಗಿ ಮರವಾಗುತ್ತಾಳೆ. ಅಕ್ಕ ಹೂ ಕೀಳುತ್ತಾಳೆ. ಹೂ ಮಾರಾಟವಾಗಿ ಮನೆಗೆ ಹಣ ಬರುತ್ತದೆ. ಇದು ಹೇಗೆ ಸಾಧ್ಯವೆಂಬ ಪ್ರಶ್ನೆಗೆ ಕಥೆಯಲ್ಲಿ ಸ್ಥಾನವಿಲ್ಲ. ಎಷ್ಟು ಕೊಡ ನೀರು ಬೇಕು, ಹೂವನ್ನು ಎಷ್ಟು ಎಚ್ಚರದಿಂದ ಬಿಡಿಸಬೇಕು ಎಂಬುದೇ ಮುಖ್ಯ. ಅದ್ಭುತವು ಇಲ್ಲಿ ಜೀವನೋಪಾಯದ ಭಾಗ. ಇದೇ ಕಥೆಯನ್ನು ಗಿರೀಶ್ ಕಾರ್ನಾಡ್ 1992ರಲ್ಲಿ ‘ಚೆಲುವಿ’ ಎಂಬ ಹಿಂದಿ ಚಿತ್ರವಾಗಿಸಿದರು.

ಮೇಲಿನ ಎರಡು ಚಿತ್ರಗಳ ಆಕರ್ಷಣೆಯನ್ನು ವಿವರಿಸಲು ಈ ಪರಿಕಲ್ಪನೆ ನೆರವಾಗುತ್ತದೆ. ಓಂನ ಉಸಿರು ಹಿಡಿಯುವ ಶಕ್ತಿಯನ್ನು ಕಂಡು ಅವನ ಮನೆಯವರು ಲೋಕವೇ ತಲೆಕೆಳಗಾದಂತೆ ವರ್ತಿಸುವುದಿಲ್ಲ. ಅದರಿಂದ ಏನು ಮಾಡಬಹುದೆಂದು ಯೋಚಿಸುತ್ತಾರೆ. ನಾರಾಯಣಸ್ವಾಮಿ ಕತ್ತೆಮರಿಯನ್ನು ಮನೆಗೆ ತರುವುದಕ್ಕೆ ಚಿತ್ರವು ಮನೋವೈಜ್ಞಾನಿಕ ಕಾರಣ ನೀಡುವುದಿಲ್ಲ. ಅನಾಥ ಮರಿ ಬಂದಿದೆ, ಸಾಕಬೇಕು. ಬೆರಗು ಮತ್ತು ಭಯಗಳು ಅಗ್ರಹಾರದ ಹಿರಿಯರ ಪಾಲಿಗೆ ಬರುತ್ತವೆ. ಅವರು ಐತಿಹ್ಯದ ಜಗತ್ತಿನಲ್ಲಿದ್ದಾರೆ. ಉಮಾ ಮತ್ತು ಅಧ್ಯಾಪಕರು ಕಥೆಯ ಜಗತ್ತಿನಲ್ಲಿದ್ದಾರೆ. ಚಿತ್ರದ ಸಂಘರ್ಷವನ್ನು ಈ ಎರಡು ಕಥನ ಪ್ರಕಾರಗಳ ಘರ್ಷಣೆಯೆಂದೂ ಓದಬಹುದು.

ವಾಸ್ತವವಾದಿ ಚಿತ್ರವು ಸಾಮಾನ್ಯ ಮನುಷ್ಯನನ್ನು ಹೊರಗಿನಿಂದ ನೋಡುತ್ತದೆ; ಅವನ ಕಷ್ಟವನ್ನು ನಂಬುತ್ತದೆ, ಅವನ ಕನಸನ್ನು ಮೂಢನಂಬಿಕೆಯೆಂದು ಬದಿಗಿಡುತ್ತದೆ. ಆದರೆ ಸಾಮಾನ್ಯರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳುವಾಗ ರಾಗಿ ಬೀಸುವುದನ್ನೂ ಮರವಾಗುವುದನ್ನೂ ಒಂದೇ ಉಸಿರಿನಲ್ಲಿ ಹೇಳುತ್ತ ಬಂದಿದ್ದಾರೆ. ಅರ್ಥವಾಗದೆಂಬ ಈ ಚಿತ್ರಗಳನ್ನು ಕಂಡಾಗ ಉಂಟಾಗುವ ವಿಚಿತ್ರ ಪರಿಚಿತತೆಗೆ ಇದೇ ಕಾರಣವಿರಬೇಕು. ಒಮ್ಮೆ ಜನಪದ ಕಥೆಯನ್ನು ‘ಅಡುಗೂಲಜ್ಜಿಯ ಕಥೆ’ ಎಂದು ತಳ್ಳಿಹಾಕಿದ ಶಿಷ್ಟ ಮನೋಧರ್ಮವೇ ಇಂತಹ ಚಿತ್ರಗಳನ್ನು ‘ಅಸಂಬದ್ಧ’ ಎಂದು ಕರೆದಿದೆ.

5. ಕೈಯಿಂದ ಕೈಗೆ

‘ಓಂ ದರ್-ಬ-ದರ್’ 1989ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಫಿಲ್ಮ್‌ಫೇರ್ ವಿಮರ್ಶಕರ ಪ್ರಶಸ್ತಿಯನ್ನೂ ಪಡೆಯಿತು. ಭಾರತದ ಚಿತ್ರಮಂದಿರಗಳಲ್ಲಿ ಮಾತ್ರ ಅದು ಬಿಡುಗಡೆಯಾದದ್ದು 2014ರ ಜನವರಿ 17ರಂದು. ನಡುವಿನ ಕಾಲು ಶತಮಾನದಲ್ಲಿ ಚಿತ್ರವು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಮುಂದೆ ಡಿಸ್ಕುಗಳಿಗೆ ನಕಲಾಗುತ್ತ, ವಿದ್ಯಾರ್ಥಿನಿಲಯಗಳ ಕೋಣೆಗಳಲ್ಲಿ ಬದುಕಿತು. ಪ್ರತಿ ನಕಲಿನಲ್ಲಿ ಬಣ್ಣ ಮಸುಕಾಯಿತು, ಮಾತು ಅಸ್ಪಷ್ಟವಾಯಿತು. ನೋಡಿದವರು ನೋಡದವರಿಗೆ ಹೇಳಿದ ಕಥೆಗಳು ಒಂದರಂತೆ ಒಂದಿರಲಿಲ್ಲ. ಜಾನಪದ ಪರಿಭಾಷೆಯಲ್ಲಿ ಇವು ಪಠ್ಯಾಂತರಗಳು. ಅಲನ್ ಡಂಡೆಸ್ 1965ರಲ್ಲಿ ‘ಜನಪದ’ ಎಂಬುದನ್ನು ಯಾವುದಾದರೂ ಒಂದು ಸಮಾನ ಅಂಶವನ್ನು ಹಂಚಿಕೊಂಡ ಯಾವುದೇ ಗುಂಪು ಎಂದು ವಿಸ್ತರಿಸಿದ್ದನ್ನು ನೆನೆದರೆ, ಈ ಪ್ರೇಕ್ಷಕರೂ ಆ ವ್ಯಾಪ್ತಿಗೆ ಬರುತ್ತಾರೆ.

ಉಳಿವಿನ ಪ್ರಶ್ನೆಯೂ ಇಲ್ಲಿದೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ (1934) ಒಂದು ಪ್ರತಿಯೂ ಇಂದು ಲಭ್ಯವಿಲ್ಲ. 2003ರ ಜನವರಿಯಲ್ಲಿ ಪುಣೆಯಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಅನೇಕ ಹಳೆಯ ನೈಟ್ರೇಟ್ ಸುರುಳಿಗಳು ನಾಶವಾದವು. ಪ್ರಸಿದ್ಧಿಯಾಗಲಿ ಸರ್ಕಾರದ ಉಗ್ರಾಣವಾಗಲಿ ಚಿತ್ರವೊಂದರ ಆಯುಷ್ಯಕ್ಕೆ ಖಾತರಿಯಲ್ಲ. ಬಿಡುಗಡೆಯನ್ನೇ ಕಾಣದ ಚಿತ್ರವೊಂದು ಬೇಡಿಕೆಯನ್ನು ಉಳಿಸಿಕೊಂಡು, ಕೊನೆಗೆ ನಿಗಮವೇ ಅದನ್ನು ಪುನಶ್ಚೇತನಗೊಳಿಸುವಂತಾದದ್ದು ಈ ಸಣ್ಣ ಗುಂಪಿನ ನಿಷ್ಠೆಯಿಂದ. ಮೌಖಿಕ ಕಾವ್ಯವೊಂದು ಮುದ್ರಣಗೊಂಡಾಗ ಆಗುವ ಲಾಭನಷ್ಟಗಳು ಇಲ್ಲಿಯೂ ಆಗಿವೆ: ಪಠ್ಯ ಸ್ಥಿರವಾಯಿತು, ಪಠ್ಯಾಂತರಗಳು ಹಿನ್ನೆಲೆಗೆ ಸರಿದವು.

6. ಒಂದು ಆಕ್ಷೇಪ

ಈ ವಾದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಈ ಚಿತ್ರಗಳಲ್ಲಿ ಕಾಣಿಸಿಕೊಳ್ಳುವವರು ಸಾಮಾನ್ಯರು. ಇವುಗಳನ್ನು ಆರಾಧಿಸುವವರು ನಗರದ ವಿದ್ಯಾವಂತರು. ಕಥೆ ಹೇಳುವವರೂ ಕೇಳುವವರೂ ಒಂದೇ ಸಮುದಾಯಕ್ಕೆ ಸೇರಿರುವ ಜನಪದ ಸಂದರ್ಭಕ್ಕೆ ಇದನ್ನು ಪೂರ್ತಿಯಾಗಿ ಹೋಲಿಸಲಾಗದು. ಉಮಾಳಂತಹ ಮನೆಗೆಲಸದವಳಿಗೆ ಉಮಾಳ ಚಿತ್ರವನ್ನು ನೋಡುವ ಅವಕಾಶ ದೊರೆಯಲಿಲ್ಲ.

ಈ ಅಂತರವನ್ನು ಮೊದಲು ಮನಗಂಡವರಲ್ಲಿ ಜಾನ್ ಅಬ್ರಹಾಂ ಒಬ್ಬರು. 1984ರಲ್ಲಿ ಅವರು ಗೆಳೆಯರೊಂದಿಗೆ ಕೇರಳದಲ್ಲಿ ಒಡೆಸ್ಸಾ ಎಂಬ ಸಮೂಹವನ್ನು ಕಟ್ಟಿದರು. ಚಾಪ್ಲಿನ್‌ನ ‘ದಿ ಕಿಡ್’ ಮೊದಲಾದ ಚಿತ್ರಗಳನ್ನು ಊರೂರಿನಲ್ಲಿ ತೋರಿಸಿ ಜನರಿಂದ ಸಣ್ಣ ಮೊತ್ತಗಳನ್ನು ಸಂಗ್ರಹಿಸಲಾಯಿತು. ಆ ಹಣದಿಂದ ಸಿದ್ಧವಾದ ‘ಅಮ್ಮ ಅರಿಯಾನ್’ (1986) ಚಿತ್ರವನ್ನು ಮತ್ತೆ ಊರೂರಿಗೆ ಒಯ್ದು ಪ್ರದರ್ಶಿಸಲಾಯಿತು. ಮಗನ ಸಾವಿನ ಸುದ್ದಿಯನ್ನು ತಾಯಿಗೆ ಮುಟ್ಟಿಸಲು ಹೊರಟ ಯುವಕನೊಬ್ಬನ ಜೊತೆಗೆ ದಾರಿಯುದ್ದಕ್ಕೂ ಜನ ಸೇರುತ್ತ ಹೋಗುವ ಕಥೆ ಅದು. ಚಿತ್ರದ ನಿರ್ಮಾಣವೂ ಅದೇ ಕ್ರಮದಲ್ಲಿ ನಡೆಯಿತು. ಊರಿನವರೇ ವಂತಿಗೆ ಹಾಕಿ, ಊರಿನವರೇ ವೇಷ ಕಟ್ಟಿ, ಯಾರಿಗೂ ಟಿಕೆಟ್ಟಿಲ್ಲದೆ ಇರುಳಿಡೀ ನಡೆಯುವ ಕರ್ನಾಟಕದ ದೊಡ್ಡಾಟಕ್ಕೂ, ಕರಾವಳಿಯ ಹರಕೆಯ ಆಟಕ್ಕೂ ಈ ವ್ಯವಸ್ಥೆ ಹತ್ತಿರವಾದುದು. 1987ರ ಮೇ ತಿಂಗಳಿನಲ್ಲಿ ಕೋಳಿಕ್ಕೋಡಿನಲ್ಲಿ ಕಟ್ಟಡದಿಂದ ಬಿದ್ದು ಜಾನ್ ತೀರಿಕೊಂಡರು. ಅನಂತರ ಅವರ ಅಲೆದಾಟ, ಬಡತನ, ಮಾತುಗಳನ್ನು ಕುರಿತು ಕೇರಳದಲ್ಲಿ ಕಥೆಗಳು ಬೆಳೆದವು. ಐತಿಹ್ಯ ಹುಟ್ಟುವ ಬಗೆಯನ್ನು ತೆರೆಯ ಮೇಲೆ ತೋರಿಸಿದ ನಿರ್ದೇಶಕರು ತಾವೇ ಐತಿಹ್ಯಕ್ಕೆ ವಸ್ತುವಾದರು.

7. ಸಮಾರೋಪ

ಮೇಲಿನ ವಿವೇಚನೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಈ ಚಿತ್ರಗಳ ಆಕರ್ಷಣೆ ಅವುಗಳ ದುರ್ಬೋಧತೆಯಿಂದ ಬಂದುದಲ್ಲ. ಸಾಮಾನ್ಯರ ಬದುಕನ್ನು ಸಾಮಾನ್ಯರದೇ ಕಥನಕ್ರಮದಲ್ಲಿ ಹೇಳಿರುವುದರಿಂದ ಬಂದುದು. ಎರಡನೆಯದಾಗಿ, ಅವು ಉಳಿದುಬಂದ ಬಗೆಯು ಮೌಖಿಕ ಪರಂಪರೆಯ ಪಠ್ಯಗಳು ಉಳಿದುಬಂದ ಬಗೆಗೆ ಸಮೀಪದ್ದು. ಮೂರನೆಯದಾಗಿ, ನೋಡುವವರ ಮತ್ತು ನೋಡಲ್ಪಡುವವರ ನಡುವಣ ಅಂತರವನ್ನು ಈ ಚಿತ್ರಗಳು ತಾವಾಗಿ ನೀಗಿಕೊಂಡಿಲ್ಲ; ಒಡೆಸ್ಸಾ ಮಾಡಿದಂತೆ ಚಿತ್ರವನ್ನು ಊರಿಗೆ ಹೊತ್ತೊಯ್ಯುವ ಜನ ಬೇಕಾಗುತ್ತಾರೆ.

ಜಾನಪದ ಸಂಗ್ರಹಕಾರರು ಹಳ್ಳಿಗಳಿಗೆ ಹೋದಾಗ ಕಥೆಯ ಜೊತೆಗೆ ಅದನ್ನು ಹೇಳಿದವರ ಹೆಸರು, ಕೇಳಿದವರ ಪ್ರತಿಕ್ರಿಯೆ, ಹೇಳಿದ ಸಂದರ್ಭಗಳನ್ನೂ ಬರೆದುಕೊಳ್ಳುತ್ತಾರೆ. ಚಲನಚಿತ್ರದ ಸಂಗ್ರಹಾಲಯಗಳು ಸುರುಳಿಗಳನ್ನು ಕಾಯ್ದಿಡುತ್ತಿವೆ. ಅವುಗಳನ್ನು ಕಂಡವರ ನೆನಪುಗಳನ್ನು ಕಾಯ್ದಿಡುವ ಕೆಲಸ ವ್ಯವಸ್ಥಿತವಾಗಿ ಆರಂಭವಾಗಬೇಕಾಗಿದೆ. ಒಡೆಸ್ಸಾದ ಪ್ರದರ್ಶನಗಳಿಗೆ ನಾಣ್ಯ ಹಾಕಿದವರಲ್ಲಿ, ಮಸುಕು ಕ್ಯಾಸೆಟ್ಟುಗಳನ್ನು ಹಂಚಿಕೊಂಡವರಲ್ಲಿ ಅನೇಕರು ಇಂದು ವೃದ್ಧಾಪ್ಯಕ್ಕೆ ಸಂದಿದ್ದಾರೆ. ಸುರುಳಿಯನ್ನು ಪುನಶ್ಚೇತನಗೊಳಿಸುವ ತಂತ್ರಜ್ಞಾನ ಮುಂದೆಯೂ ಇರುತ್ತದೆ. ಆ ವಕ್ತೃಗಳು ಇರುವುದಿಲ್ಲ.